ಶಿಫಾರಸು ಪತ್ರ, ಮೂರನೇ ಕರಡು

ಮ್ಯಾಡ್ರಿಡ್ಡಿನ ಬಿಸಿನೆಸ್ ಸ್ಕೂಲಿನವರು ಕೇಳುತ್ತಾರೆ:
ಅಭ್ಯರ್ಥಿಯನ್ನು ಎಷ್ಟು ಕಾಲದಿಂದ ಬಲ್ಲಿರಿ?
ಏಳು ವರ್ಷ ಎಂದು ಬರೆದು ಅಳಿಸಿದೆ.
ಸಾವಿರದ ಇನ್ನೂರು ಪಾಳಿ ಎಂದರೆ ಅವರಿಗೆ ತಿಳಿದೀತೆ?
ಕಲಾಮಾದಿಂದ ಬಸ್ಸಿನಲ್ಲಿ ಎರಡು ಗಂಟೆ,
ಏಳು ದಿನ ಮೇಲೆ, ಏಳು ದಿನ ಕೆಳಗೆ,
ಮೋಡವೆಂಬುದು ಬೇರೆಯವರ ಊರಿನ ಸುದ್ದಿ.

ಹೆಸರು ನಯಾದೆತ್ ಕೋಲ್ಕೆ. ವಯಸ್ಸು ಮೂವತ್ತೊಂದು.
ನೆಲದೊಳಗಿಂದ ಕೊರೆದು ತೆಗೆದ ಕಲ್ಲಿನ ಕೋಲುಗಳನ್ನು
ಪೆಟ್ಟಿಗೆಯಲ್ಲಿ ಸಾಲಾಗಿ ಮಲಗಿಸಿ
ಇಲ್ಲಿ ತಾಮ್ರ ಇದೆ, ಇಲ್ಲಿ ಇಲ್ಲ ಎಂದು
ಮೀಟರು ಮೀಟರಿಗೂ ಬರೆಯುವುದು ಅವಳ ಕೆಲಸ.
ಭೂತಗನ್ನಡಿ ಹಿಡಿಯುವ ಮೊದಲು
ಕಲ್ಲನ್ನೊಮ್ಮೆ ನೆಕ್ಕುತ್ತಾಳೆ.
ಒದ್ದೆಯಾದರೆ ಕಣ ಕಾಣುತ್ತೆ, ಅಷ್ಟೇ, ಎನ್ನುತ್ತಾಳೆ.
ನೀರಿನ ಬಾಟಲಿ ಪಕ್ಕದಲ್ಲೇ ಇರುತ್ತದೆ.

ಆಕೆಯ ತಪ್ಪನ್ನು ನೀವು ತೋರಿಸಿಕೊಟ್ಟ ಸಂದರ್ಭ ವಿವರಿಸಿ.
ಹೆಡ್ ಆಫೀಸಿನವರು ಬರುವ ಹಿಂದಿನ ದಿನ
ಮುನ್ನೂರ ಹನ್ನೆರಡರ ಕೆಳಗೆ ‘ಬರಿಗಲ್ಲು’ ಎಂದು ಬರೆದಿದ್ದಳು.
‘ಅಲ್ಪಸ್ವಲ್ಪ ಇದೆ’ ಅಂತ ತಿದ್ದು ಮಗಳೇ ಎಂದೆ, ಚಹಾ ಕೊಟ್ಟು.
ಚಹಾ ಕುಡಿದಳು. ತಿದ್ದಲಿಲ್ಲ.
‘ದೋನ್ ಎಲೆವುತೇರಿಯೊ, ಕಲ್ಲು ಹೇಳಿದ್ದನ್ನು ಬರೆದಿದ್ದೇನೆ.’
ತಪ್ಪು ಯಾರದೆಂದು ಬರೆಯಲು
ಈ ಚೌಕದಲ್ಲಿ ಜಾಗ ಸಾಲದು.

ಏಪ್ರಿಲಿನಲ್ಲಿ ತಾಮ್ರದ ಬೆಲೆ ಬಿತ್ತು.
ಬಿದ್ದ ಸದ್ದು ಇಲ್ಲಿ ಯಾರಿಗೂ ಕೇಳಿಸಲಿಲ್ಲ.
ಮೂರನೆಯ ದಿನ ಮೂವತ್ತೆಂಟು ಹೆಸರುಗಳ ಪಟ್ಟಿ ಬಂತು.
ಬಸ್ಸು ತುಂಬಿ ಇಳಿಯಿತು, ಖಾಲಿ ಹತ್ತಿತು.
ಅವಳು ಅದಿರೆಂದು ಬರೆದಿಟ್ಟ ಎಷ್ಟೋ ಮೀಟರು
ರಾತ್ರೋರಾತ್ರಿ ಬರಿಗಲ್ಲಾಗಿ ಹೋಗಿತ್ತು.
ಪೆಟ್ಟಿಗೆ ತೆರೆದು ನೋಡಿದಳು:
ಹಸಿರು ಹಸಿರಾಗಿಯೇ ಇತ್ತು.
‘ಅದಿರು ಅನ್ನೋದು ಕಲ್ಲಿನ ಗುಣ ಅಂದುಕೊಂಡಿದ್ದೆ.
ಬೆಲೆಯ ಗುಣ ಅದು. ಬೆಲೆ ಹುಟ್ಟುವ ಕೋಣೆಯನ್ನ
ಒಂದು ಸಲ ನೋಡಬೇಕು.’
ನೋಡಿ ಏನು ಮಾಡುತ್ತೀಯೆ?
‘ಮೊದಲು ನೋಡುತ್ತೇನೆ.’
ಸಂಬಳವೂ ಜಾಸ್ತಿ ಎಂದು ನಕ್ಕಳು.

ಆಮೇಲೆ ಅವಳ ಕಂಟೇನರ್ ಕೋಣೆಯ ದೀಪ ಆರಲೇ ಇಲ್ಲ.
ಒಂದು ರಾತ್ರಿ ಪಾಠ ನನಗೇ:
ಹತ್ತು ವರ್ಷದಾಚೆಯ ಒಂದು ಪೆಸೊವನ್ನು
ನೂರಕ್ಕೆ ಎಂಟರಂತೆ ಹಿಂದಕ್ಕೆಳೆದರೆ
ಇವತ್ತಿಗೆ ಅದು ಅರ್ಧವೂ ಅಲ್ಲ.
ನನಗೆ ಐವತ್ತೊಂಬತ್ತು.
ಎದೆಯ ಎಕ್ಸ್‌ರೇ ಮೇಜಿನ ಖಾನೆಯಲ್ಲಿದೆ.
ಲೆಕ್ಕ ಸರಿ ಇದೆ ಎಂದೆ.

ಅವಳಜ್ಜಿಯ ಭಾಷೆಯಲ್ಲಿ ಕೋಲ್ಕೆ ಎಂದರೆ ಬೆಳ್ಳಿ,
ಹಣ ಅಂತಲೂ ಹೌದಂತೆ.
ಮನೆತನದಲ್ಲಿ ಎರಡೂ ಇರಲಿಲ್ಲ, ಹೆಸರೊಂದಿತ್ತು.

ಎರಡನೇ ಕರಡನ್ನು ಬೇಕೆಂದೇ ಸಪ್ಪೆ ಮಾಡಿದ್ದೆ.
‘ಪರಿಶ್ರಮಿ. ಸಮಯಕ್ಕೆ ಸರಿಯಾಗಿ ಬರುತ್ತಾಳೆ.’
ಅಂಥ ಪತ್ರ ಯಾರನ್ನೂ ಎಲ್ಲಿಗೂ ಕಳಿಸುವುದಿಲ್ಲ.
ಕಳಿಸಿದ್ದರೆ ಅವಳು ಇಲ್ಲೇ ಇರುತ್ತಿದ್ದಳು,
ಬೆಳಿಗ್ಗೆ ಎದುರಿಗೆ ಕೂತು ಬ್ರೆಡ್ಡಿಗೆ ಆವಕಾಡೊ ಸವರುತ್ತ,
ಬಂದ ಉತ್ತರ ಓದಿ, ಏನೂ ಕೇಳದೆ.
ಆ ‘ಏನೂ ಕೇಳದೆ’ ನನ್ನಿಂದ ತಡೆಯಲಾಗಲಿಲ್ಲ.

ಕೊನೆಯ ಪುಟ: ನೀವು ಕಂಡವರಲ್ಲಿ ಈಕೆಯ ಸ್ಥಾನ
ನೂರಕ್ಕೆ ಮೊದಲ ಎರಡರೊಳಗೊ, ಐದರೊಳಗೊ, ಹತ್ತರೊಳಗೊ?
ಕಂಡವರೆಂದರೆ ಯಾರನ್ನೆಲ್ಲ ಎಣಿಸಲಿ?
ಪಟ್ಟಿ ಹಿಡಿದು ಇಳಿದವರನ್ನೊ,
ತೊಂಬತ್ತಾರರಲ್ಲಿ ಸುರಂಗದಿಂದ ಮೇಲೆ ಬಾರದ ಇಬ್ಬರನ್ನೊ?
ಅಳೆದೂ ಸುರಿದೂ ಎರಡರ ಚೌಕಕ್ಕೆ ಗುರುತು ಹಾಕಿದೆ.

ಗಡುವು ಮಧ್ಯರಾತ್ರಿ, ಅದೂ ಅವರ ಮಧ್ಯರಾತ್ರಿ.
ಇಲ್ಲಿನ್ನೂ ಸಂಜೆಯ ಬೆಳಕಿದೆ.
‘ಕಳಿಸು’ ಒತ್ತಿದೆ. ಚಕ್ರ ತಿರುಗಿತು, ನಿಂತಿತು,
ಮತ್ತೆ ತಿರುಗತೊಡಗಿತು.

ಶೆಡ್ಡಿನಲ್ಲಿ ಹದಿನೇಳು ಪೆಟ್ಟಿಗೆ ಕಾದಿವೆ.
ಯಾರೂ ಇಲ್ಲದ್ದು ನೋಡಿ
ಒಂದು ತುಂಡು ಎತ್ತಿ ನೆಕ್ಕಿದೆ.
ಉಪ್ಪು. ದೂಳು.
ಇನ್ನೊಮ್ಮೆ ನೆಕ್ಕಿದೆ.