ರಸಮಟ್ಟ

ಬಾಂಬೋಳಿಯ ದೊಡ್ಡಾಸ್ಪತ್ರೆ, ಕಿಡ್ನಿ ವಿಭಾಗದ ಹೊರಗೆ
ಕಬ್ಬಿಣದ ಬೆಂಚು.
ನನ್ನ ತೊಡೆಯ ಮೇಲೆ ಹನ್ನೊಂದು ಪ್ರಶ್ನೆಗಳ ಹಾಳೆ.
ಕನ್ನಡ ಬಲ್ಲವಳೆಂದು ಕರೆಸಿದ್ದಾರೆ;
ಝುವಾರಿನಗರದ ಓಣಿಯಲ್ಲಿ ಕಲಿತ ಮಾತು
ಇಷ್ಟು ದಿನಕ್ಕೆ ಸಂಬಳಕ್ಕೆ ಬಂತು.

ಯಮನೂರಪ್ಪ, ನಲವತ್ತಾರು, ಟೈಲ್ಸ್ ಕೂರಿಸುವವರು.
ಕಣ್ಣ ರೆಪ್ಪೆ ಬೆಳಗಿನ ಪಾವಿನಂತೆ ಉಬ್ಬಿದೆ.
ಚಪ್ಪಲಿಯ ಪಟ್ಟಿ ಕತ್ತರಿಸಿ
ಸುತಳಿ ಕಟ್ಟಿಕೊಂಡಿದ್ದಾರೆ.

ಕಳೆದ ಏಳು ದಿನಗಳಲ್ಲಿ
ಬಾವು ನಿಮಗೆ ಎಷ್ಟು ತೊಂದರೆ ಕೊಟ್ಟಿತು?
ಇಲ್ಲವೇ ಇಲ್ಲ, ಸ್ವಲ್ಪ, ಸುಮಾರಾಗಿ, ಬಹಳ, ವಿಪರೀತ.
ಒಂದು ಮನೆಗೆ ಗುರುತು ಹಾಕಬೇಕು.

"ಯಾವ ಹೊತ್ತಿಂದು ಕೇಳಾಕತ್ತೀರಿ ತಂಗಿ?
ಮುಂಜಾನಿ ಮಾರಿಗಿರತೈತಿ, ಸಂಜಿಕ ಕಾಲಿಗಿಳೀತೈತಿ.
ನೀರಲ್ಲೇನು, ವಾಟ ಹುಡುಕತೈತಿ.
ಬಚ್ಚಲಕ್ಕ ನಾವು ಕೊಡತೇವಲ್ಲ, ಹಂಗ."
ಹೊತ್ತಿಗೆ ಹಾಳೆಯಲ್ಲಿ ಮನೆಯಿಲ್ಲ.
ಅಂಚಿನಲ್ಲಿ ಬರೆದುಕೊಂಡೆ.

ಬಟ್ಟೆ, ಬೂಟು, ಉಂಗುರ ಬಿಗಿಯಾದವೇ?
ಜೇಬಿನಿಂದ ದಾರ ತೆಗೆದರು. ತುಂಬ ಗಂಟು.
"ದಿನಾ ಎದ್ದ ಕೂಡಲೆ ಹರಡಿಗೆ ಸುತ್ತತೇನಿ,
ಕೂಡಿದಲ್ಲಿ ಒಂದು ಗಂಟು.
ಇದು ಕಾರ್ನಿವಾಲ್ ಮರುದಿನದ್ದು, ಒಣ ಸೀಗಡಿ ತಿಂದಿದ್ದೆ.
ಇದು ಮಾಪ್ಸಾದ ಕೆಲಸ ಬಿಟ್ಟಾಗಿಂದು.
ಇದು ಗುಳಿಗಿ ಹಿಡಿದದ್ದು, ನೋಡ್ರಿ, ಎರಡು ಬೆರಳು ಇಳದೈತಿ."

ಊಟ, ಕುಡಿಯುವ ನೀರಿನ ಪ್ರಶ್ನೆಗೆ ನಕ್ಕೇಬಿಟ್ಟರು.
"ಉಪ್ಪು ತಿಂದಾಂವ ನೀರು ಕುಡೀಲೇಬೇಕಂತಾರ,
ನನಗ ಎರಡೂ ಬಂದ್.
ಇನ್ನು ಯಾರ ಋಣ ತೀರಸಲಿ?"

ಏಳನೆಯದು.
ಇತರರು ನಿಮ್ಮನ್ನು ನೋಡುವ ರೀತಿ ಬದಲಾಯಿತೇ?
ದಾರವನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು.
"ಫೋನಿನಾಗ ಮಾರಿ ನೋಡಿ ನಮ್ಮಾಕಿ ಖುಷಿಪಟ್ಲು.
ಗೋವಾದ ನೀರು ಹಿಡಿಸೇತಿ ನಿಮಗ,
ಈಗರೆ ಮೈ ತುಂಬಿಕೊಂಡೀರಿ, ಅಂದ್ಲು.
ಹದಿನೆಂಟು ವರ್ಷದಾಗ ಮೊದಲನೇ ಸಲ.
ನಾ ಹೂಂ ಅಂದೆ."

ಆ ಹೂಂ ಅನ್ನು
ಐದರಲ್ಲಿ ಯಾವ ಮನೆಗೆ ಕಳಿಸಲಿ?

ಆಮೇಲೆ ನಾನು ಬೇಗ ಬೇಗ ಓದಿದೆ,
ಅವರೂ ಬೇಗ ಬೇಗ ಸುಮಾರು, ಸುಮಾರು ಎಂದರು.
ಕೊನೆಗೆ: ಇನ್ನೇನಾದರೂ ಹೇಳುವುದಿದೆಯೇ?

"ರಸಮಟ್ಟ ಇಟ್ಟರ ಗುಳ್ಳಿ ನಡುವಿಗೆ ಬರಬೇಕು,
ಅಲ್ಲೀಮಟ ನಾವು ಕೈ ಬಿಡಂಗಿಲ್ಲ.
ನನ್ನ ಗುಳ್ಳಿ ಎಲ್ಲಿ ನಿಲ್ಲಬೇಕು,
ಡಾಕ್ಟರಿಗೆ ಕೇಳಿ ಹೇಳ್ರಿ."
ಎಂದವರೇ ಮೊಳಕಾಲ ಕೆಳಗೆ ಹೆಬ್ಬೆರಳು ಒತ್ತಿ ತೆಗೆದರು.
ಕುಳಿ ಬಿತ್ತು.
"ಎಣಸ್ರಿ."

ಎಣಿಸಿದೆ. ಯಾರದೋ ಟೋಕನ್ ಕೂಗಿದರು,
ತಳ್ಳುಗಾಡಿ ಹೋಯಿತು,
ಎಪ್ಪತ್ತಮೂರರ ಹೊತ್ತಿಗೆ
ಅಲ್ಲೇನೂ ಆಗಿರಲಿಲ್ಲವೆಂಬಂತೆ ಚರ್ಮ.

ದಾರ ಕೊಡುತ್ತೀರಾ, ಹಾಳೆಗೆ ಪಿನ್ನು ಮಾಡುತ್ತೇನೆ ಎಂದೆ.
"ಬ್ಯಾಡ, ನಾಳಿ ಮುಂಜಾನಿ ಬೇಕಾಗತೈತಿ."

ಸಂಜೆ ಕದಂಬ ಬಸ್ಸಿನ ಕಿಟಕಿ ಸೀಟು.
ಯಾರೂ ನೋಡದಾಗ ಸಲ್ವಾರ್ ಎತ್ತಿ
ನನ್ನ ಕಾಲಿಗೇ ಒತ್ತಿದೆ.
ಒಂದು ಎನ್ನುವುದರೊಳಗೆ ತುಂಬಿಕೊಂಡಿತು.
ಮತ್ತೆ ಒತ್ತಿದೆ.