ಹೌದು ಅನ್ನಿ

ಕಣ್ಣು ಮುಚ್ಚಿ, ಮಿಸ್ಟರ್ ಗಿಟ್ಟೆನ್ಸ್.
ಈ ನೈಲಾನ್ ಎಳೆ ಸೋಕಿದಾಗೆಲ್ಲ
'ಹೌದು' ಅನ್ನಿ. ಅಷ್ಟೇ ಪರೀಕ್ಷೆ.

ಹೆಬ್ಬೆರಳ ತುದಿ.
ಕಿಟಕಿಯಾಚೆ ಸ್ಪೈಟ್ಸ್‌ಟೌನಿನ ಬಸ್ಸು ಹಾರ್ನ್ ಹಾಕಿತು.
ಅಂಗಾಲ ಉಬ್ಬು.
ಹೊರಗೆ ಸಾಲಿನಲ್ಲಿ ಯಾರೋ ಕೆಮ್ಮಿದರು.
ಹಿಮ್ಮಡಿ.
'ಶುರು ಮಾಡಿದೆಯಾ, ಮಗಳೇ?' ಅಂದರು.

ಬಾರ್ಬಡೋಸಿನ ಬಿಸಿಲಲ್ಲಿ
ಮೂವತ್ತೆಂಟು ಸುಗ್ಗಿ ಕಬ್ಬು ಕಡಿದ ಕಾಲು.
ಕೂಳೆ ಹೊಕ್ಕದ್ದು ಇಲ್ಲಿ,
ಮಚ್ಚು ಜಾರಿ ಮೂಳೆ ಕಂಡದ್ದು ಇಲ್ಲಿ:
ಒಂದೊಂದು ಕಲೆಯನ್ನೂ ತೋರಿಸುತ್ತಾರೆ
ತೀರಿಕೊಂಡ ಗೆಳೆಯರ ಫೋಟೊ ತೋರಿಸುವ ಹಾಗೆ.

'ಆಗ ನೋವು ಕರೆದರೆ ಕಾಲೆತ್ತುತ್ತಿದ್ದೆ.
ಈಗ ಹಗಲೆಲ್ಲ ಇದು ಯಾರದೋ ಕಾಲು,
ರಾತ್ರಿ ಮಾತ್ರ ನನ್ನದು.
ಅರ್ಲೀನ್ ಹೊದಿಸಿದ ದುಪ್ಪಟಿಯ ಅಂಚು ತಾಗಿದರೂ ಕೆಂಡ.
ಎದ್ದು ಹೋಗಿ
ಅಡುಗೆಮನೆಯ ತಣ್ಣನೆ ಸಿಮೆಂಟಿನ ಮೇಲೆ ನಿಲ್ಲುತ್ತೇನೆ,
ಕೋಳಿ ಕೂಗುವ ತನಕ.'

ಉರಿದ ರಾತ್ರಿಗೊಂದು ಗೀಟು ಎಳೆದ
ಕ್ಯಾಲೆಂಡರ್ ತಂದಿದ್ದಾರೆ, ಸುರುಳಿ ಸುತ್ತಿ.
ನನ್ನ ಕಡತದ ಸಕ್ಕರೆಯ ಅಂಕಿಗಳ ಪಕ್ಕ ಹರಡಿದೆ.
ಏರಿದ ದಿನ ಗೀಟು. ಧುತ್ತೆಂದು ಇಳಿದ ದಿನವೂ ಗೀಟು.
ಕೆಲವು ಎಲ್ಲಿಗೂ ಹೊಂದುವುದಿಲ್ಲ;
ಅವುಗಳ ವಿಷಯ ನನಗೂ ಗೊತ್ತಿಲ್ಲ.
ನರ ಸಾಯುವ ಮುಂಚೆ ಕಿರುಚುತ್ತದೆ,
ಆಮೇಲೆ ಸುಮ್ಮನಾಗುತ್ತದೆ.
ಸುಮ್ಮನಾದದ್ದನ್ನು
ಜನ ವಾಸಿಯಾಯಿತು ಅಂದುಕೊಳ್ಳುತ್ತಾರೆ.

ಎಡಗಾಲಿನ ಬೂಟು ಕೊಡಿ ಇಲ್ಲಿ.
ಕವುಚಿದೆ. ಟಣ್ಣನೆ ಬಿತ್ತು
ಹಿತ್ತಾಳೆಯ ಒಂದು ಕೀಲಿಕೈ.

'ಅರೆ, ಕೋಳಿಗೂಡಿನದು!
ಭಾನುವಾರದಿಂದ ಹುಡುಕಿದ್ದೇ ಹುಡುಕಿದ್ದು.
ಪಕ್ಕದ ಮನೆ ಹುಡುಗನನ್ನು ಬೈದೆ ಪಾಪ,
ಕೊನೆಗೆ ಬೀಗವನ್ನೇ ಒಡೆದೆ.'

ಇವತ್ತು ಗುರುವಾರ.
ಅವರು ನಕ್ಕರು, ಹೊಟ್ಟೆ ಕುಣಿಯುವ ಹಾಗೆ.
ನಾನೂ ನಕ್ಕೆ,
ಅಂಗಾಲನ್ನು ಬೆಳಕಿಗೆ ತಿರುಗಿಸುವ ತನಕ.
ಮೇಣಕ್ಕೆ ಒತ್ತಿದಂತೆ ಮೂಡಿತ್ತು ಕೀಲಿ,
ಮೂರೂ ಹಲ್ಲು ಎಣಿಸಬಹುದಿತ್ತು,
ಮೂರನೆಯದರ ಸುತ್ತ ಕಪ್ಪು.

ಬೇಸಿನ್‌ಗೆ ನೀರು ಬಿಟ್ಟೆ. ಕೈಗವಸು ಹಾಕಿಕೊಂಡೆ.
ನನ್ನ ಮುಖದಲ್ಲಿ ಏನು ಕಂಡಿತೋ,
ಕೀಲಿಕೈಯನ್ನು ಅಂಗಿಯ ಜೇಬಿಗೆ ಹಾಕಿ
ಮತ್ತೆ ಕಣ್ಣು ಮುಚ್ಚಿದರು,
ಶಾಲೆಯ ಹುಡುಗನ ಹಾಗೆ ಬೆನ್ನು ನೆಟ್ಟಗೆ ಮಾಡಿ.

'ಹೌದು' ಅಂದರು.
'ಹೌದು. ಹೌದು.'

ನಾನಿನ್ನೂ ಮುಟ್ಟಿರಲಿಲ್ಲ.