ಭಂಡಾರಿಯನ್ನು ಕೇಳು

ಹುತೋಕ್ಷಿ ಮೂರು ಬೋಟು ಕಳಿಸಿದ್ದಾಳೆ.
ಮೂರೂ ಬಿಳಿ. ಮೂರಕ್ಕೂ ನೆತ್ತಿಯ ಮೇಲೆ ಬಿಸಿಲಿಗೆ ಒರಗುವ ಹಾಸು,
ಮೂರರ ಚಿತ್ರದಲ್ಲೂ ಅದೇ ಹೋಳು ಮಾಡಿದ ಕಲ್ಲಂಗಡಿ.
'ರಾತ್ರಿಯೊಳಗೆ ಹೇಳು ಮಾರಾಯ್ತಿ, ಮುಂಗಡ ಕಟ್ಟಬೇಕು,
ಮಾಲ್ದೀವ್ಸಲ್ಲಿ ಮಾರ್ಚಿಗೆ ನೀರು ಕನ್ನಡಿಯಂತೆ.'

ವರ್ಸೋವಾದ ಎರಡನೇ ಮಹಡಿ, ಫ್ಯಾನಿನ ಕೆಳಗೆ
ಅಪ್ಪ ಕನ್ನಡಕ ಹಣೆಗೇರಿಸಿ
ನನ್ನ ಫೋನನ್ನು ಬಂಗುಡೆಯ ಹಾಗೆ ತಿರುಗಿಸಿ ನೋಡುತ್ತಾನೆ,
ಕಿವಿರು ಕೆಂಪಿದೆಯೇ ಎಂದು.

ಸಸೂನ್ ಡಾಕಿನಿಂದ ಮೂವತ್ತೊಂದು ವರ್ಷ,
ಹೋದರೆ ಹನ್ನೆರಡು ದಿನ,
ಡೀಸೆಲ್ ಕುಡಿದ ಹಲಗೆಯ ಮೇಲೆ ಮಲಗಿ ಎದ್ದವನು.
ಈಜು ಬಾರದು.
'ಬಂದರೆ ಸಾಯೋದು ತಡ ಆಗ್ತದೆ, ಅಷ್ಟೆ.'

'ಎಷ್ಟು ದಿನ?'
'ಏಳು ರಾತ್ರಿ.'
'ಬಲೆ?'
'ಇಲ್ಲ.'
'ಗಾಳ?'
'ಇಲ್ಲಪ್ಪ. ಮೀನು ನೋಡಿ ಬರೋದು.'
'ನೋಡಿ?'
'ನೋಡಿ.'
ಸ್ವಲ್ಪ ಹೊತ್ತು ಸುಮ್ಮನಿದ್ದ.
'ದುಡ್ಡು ಅವರು ಕೊಡೋದಾ, ನೀನಾ?'

ಎಷ್ಟೆಂದು ನಾನು ಹೇಳಲಿಲ್ಲ.
ಅಷ್ಟಕ್ಕೆ ಅವನ ಕಾಲದಲ್ಲಿ
ಒಂದು ಇಂಜಿನ್ನು ಬರುತ್ತಿತ್ತು, ಅರ್ಧ ಬಲೆಯೂ.

ನನ್ನ ಲೆಕ್ಕವೇ ಬೇರೆ: ದಿನಕ್ಕೆ ಎಷ್ಟು ಮುಳುಗು,
ಒಬ್ಬ ಗೈಡಿಗೆ ಎಷ್ಟು ತಲೆ, ನೈಟ್ರಾಕ್ಸ್‌ಗೆ ಬೇರೆ ಬಿಲ್ಲೋ,
ಕೊನೆಯ ಮುಳುಗಿಗೂ ವಿಮಾನಕ್ಕೂ ನಡುವೆ
ಇಡೀ ಒಂದು ದಿನ ಬಿಡುತ್ತಾರೋ ಇಲ್ಲವೋ.
ನಲವತ್ತೇಳರ ಕಿವಿ; ಬಲಗಡೆಯದು
ಹತ್ತು ಮೀಟರಿಗೆ ಮುನಿಯುತ್ತದೆ, ಪುಸಲಾಯಿಸಬೇಕು.

ಅಪ್ಪನಿಗೆ ಅದೊಂದೂ ಬೇಡ.
ಎರಡು ಬೆರಳಲ್ಲಿ ಚಿತ್ರ ಹಿಗ್ಗಿಸುತ್ತ
ಕಲ್ಲಂಗಡಿ ದಾಟಿ, ಹಾಸಿಗೆಯ ಮೇಲೆ ಟವೆಲ್ಲಲ್ಲಿ ಮಡಚಿದ ಹಂಸ ದಾಟಿ,
ಅಂಚಿನಲ್ಲಿ ಯಾರೂ ನೋಡಲೆಂದು ತೆಗೆಯದ
ಒಂದು ಹಗ್ಗದ ಮೇಲೆ ನಿಂತ.
'ಇದು ಸುತ್ತಿದ್ದಲ್ಲ, ಒಟ್ಟಿದ್ದು.
ಕತ್ತಲಲ್ಲಿ ಕಾಲು ಹಿಡೀತದೆ.'
ಮೊದಲ ಬೋಟು ಹೋಯಿತು.

ಎರಡನೆಯದಕ್ಕೆ ಮಲಗುವ ಕೋಣೆ ನೀರಿನ ಮಟ್ಟದ ಕೆಳಗೆ,
ಕಿಟಕಿಯಾಚೆ ಹಸಿರು ಬೆಳಕು. ನನಗೆ ಆಸೆ ಹುಟ್ಟಿತ್ತು.
'ಬಾಗಿಲು ಒಂದೇನಾ? ಹೊಗೆ ಬಂದರೆ?'
ನಕ್ಷೆಯಲ್ಲಿ ಬಾರ್ ಇತ್ತು, ಮಸಾಜಿನ ಕೋಣೆ ಇತ್ತು.
ಹೊಗೆಗೆ ದಾರಿ ಇರಲಿಲ್ಲ.
'ಎಲ್ಲರೂ ಮಲಗಿದಾಗ ಎದ್ದಿರೋದು ಯಾರು? ಕೇಳು.'
ಕೇಳಿದೆ.
'ನಿಮ್ಮ ಕನಸಿನ ರಜೆಗೆ ಸ್ವಾಗತ' ಎಂದು
ನಿಮಿಷದೊಳಗೆ ಉತ್ತರ ಬಂತು.

ಮೂರನೆಯದು ಹಳತು.
ಲಂಗರಿನ ಬಾಯಿಂದ ಬಿಳಿಯ ಮೇಲೆ
ತುಕ್ಕಿನದೊಂದು ಸಣ್ಣ ಜೊಲ್ಲು.
ಅಪ್ಪನಿಗೆ ಅದು ಹಿಡಿಸಿತು. 'ಮುಚ್ಚಿಟ್ಟಿಲ್ಲ.'
ಆಮೇಲೆ, ದೊಡ್ಡ ಗುಟ್ಟು ಹೇಳುವವನಂತೆ:
'ಭಂಡಾರಿ ಎಷ್ಟು ವರ್ಷದಿಂದ ಇದ್ದಾನೆ, ಕೇಳು.
ತಂಡೇಲ ಸುಳ್ಳು ಹೇಳಿಯಾನು, ಮಾಲಕ ಹೇಳೇ ಹೇಳ್ತಾನೆ.
ಅಡಿಗೆಯವ ನಿಲ್ಲದ ಬೋಟಲ್ಲಿ
ಯಾರೂ ನಿಲ್ಲಬಾರದು.'

ನಾಚಿಕೊಂಡೇ ಬರೆದೆ.
ಒಂದು ಗಂಟೆ. ಕೆಳಗೆ ಕೋಳಿವಾಡದ ಬಿದಿರುಗಳ ಮೇಲೆ
ಬೊಂಬಿಲು ಒಣಗುವ ವಾಸನೆ ಮೆಟ್ಟಿಲು ಹತ್ತಿ ಬಂತು,
ಅದರ ಹಿಂದೆ ಉತ್ತರ:
'ಹನ್ನೊಂದು ವರ್ಷ. ಹೆಸರು ಶರೀಫ್.
ಮೂರನೇ ಕೋಣೆ ತಗೋಬೇಡಿ, ಕೆಳಗೆ ಜನರೇಟರು.
ರಾತ್ರಿ ಇಬ್ಬರು ಎದ್ದಿರ್ತೇವೆ, ಒಬ್ಬ ನಾನು.'

ಅಪ್ಪ ಓದಿಸಿ ಕೇಳಿದ, ಎರಡು ಸಲ.
ಖುಷಿಗೆ ಅವನಿಗೊಂದು ವಿಡಿಯೋ ಹಾಕಿದೆ,
ಹೋದ ವರ್ಷದ್ದು, ನಾನೇ ತೆಗೆದದ್ದು:
ಬಾಗಿಲಷ್ಟು ಅಗಲದ ತೊರಕೆಯೊಂದು
ನನ್ನ ತಲೆಯ ಮೇಲಿಂದ, ಅವಸರವೇ ಇಲ್ಲದೆ.

ತೊರಕೆ ಅವನಿಗೆ ಗೊತ್ತು.
ಹಲಗೆಯ ಮೇಲೆ ಬೆನ್ನಡಿಯಾಗಿ, ಬಾಲ ಕಡಿದು,
ಕಿಲೋ ಲೆಕ್ಕದಲ್ಲಿ ಗೊತ್ತು.

'ಹೀಗೆ ಹೋಗ್ತದಾ ಇದು?' ಎಂದ.
ಮತ್ತೆ ಹಾಕು ಅನ್ನಲಿಲ್ಲ. ಫೋನನ್ನೂ ಕೊಡಲಿಲ್ಲ.
ಅದರ ಬೆಳಕು ಆರಿದ ಮೇಲೆಯೂ
ಅಂಗೈಯಲ್ಲಿ ಹಿಡಿದೇ ಇದ್ದ.

'ಕಟ್ಟು ಮುಂಗಡ. ಹೋಗುವಾಗ
ಅವನಿಗೊಂದು ಪೊಟ್ಟಣ ಒಣಸಿಗಡಿ ಒಯ್ಯಿ,
ಸಸೂನ್ ಡಾಕಿನಿಂದ ಅಂತ ಹೇಳು.'